ಬಾರವಿ ಕಾಡಿನಲ್ಲಿ ಕೊನೆಯ ಸೈಕಲ್

ಈ ಪ್ರಯಾಣದ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಬದಲಾಪುರ ದಾಟಿದ ಮೇಲೆ ಮೊದಲು ಸಿಕ್ಕಿದ್ದು ಹನುಮಂತನ ಗುಡಿಯೋ ಅರಣ್ಯ ಇಲಾಖೆಯ ಗೇಟೋ, ಹೇಳಲಾರೆ. ಅಣ್ಣ ಬಿದ್ದ ತಿರುವಿನಲ್ಲಿದ್ದ ಮರ ತೇಗ ಎಂದು ಮನೆಗೆ ಬಂದು ಬರೆದಿಟ್ಟೆ. ಅಂದು ತೆಗೆದ ಫೋಟೊ ನೋಡಿದರೆ ಅದು ಮುತ್ತುಗ. ಒಂದು ಮರವನ್ನೇ ಸರಿಯಾಗಿ ನೋಡದವಳು ಮನುಷ್ಯರ ಬಗ್ಗೆ ಬರೆದದ್ದನ್ನು ಎಷ್ಟು ನಂಬಬೇಕೆಂಬುದನ್ನು ಓದುವವರಿಗೇ ಬಿಡುತ್ತೇನೆ. ಬೆಲ್ಲಿನ ಶಬ್ದದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಅಥವಾ ಇರಬೇಕಾದಷ್ಟು ಅನುಮಾನವಿಲ್ಲ.

ಅಕ್ಟೋಬರ್ ಕೊನೆಯ ಒಂದು ಶನಿವಾರ ಸಂಜೆ ಸಾನಪಾಡಾದ ನನ್ನ ಮನೆಯಿಂದ ಡೊಂಬಿವಲಿಗೆ ಹೊರಟೆ. ಠಾಣೆಯಲ್ಲಿ ಗಾಡಿ ಬದಲಿಸಬೇಕು. ಸಮುದ್ರದ ಖಾಡಿ ದಾಟಿದ ಮೇಲೆ ಕಳವಾ ಸ್ಟೇಷನ್ನಿನ ಕಾರ್‌ಶೆಡ್ಡಿನಲ್ಲಿ ಖಾಲಿ ಲೋಕಲ್ ರೈಲುಗಳು ದೀಪ ಆರಿಸಿ ಸಾಲಾಗಿ ನಿಂತಿದ್ದವು. ನನ್ನ ಅಣ್ಣ ರಘು ಆ ಶೆಡ್ಡು ಬಂದಾಗಲೆಲ್ಲ ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗುತ್ತಿದ್ದ. ಮೈಸೂರಿನಿಂದ ಬಂದು ಮೂವತ್ತು ವರ್ಷ ವಾಶಿಯ ಕಚೇರಿಗೂ ಡೊಂಬಿವಲಿಯ ಮನೆಗೂ ಓಡಾಡಿದವನು. ರೈಲು ಅವನಿಗೆ ಬರಿಯ ವಾಹನವಾಗಿರಲಿಲ್ಲ. ಅವನು ಹೋಗಿ ವರ್ಷವಾಗಿತ್ತು. ವರ್ಷಾಂತಿಕ ಹಿಂದಿನ ವಾರವಷ್ಟೇ ಮುಗಿದಿತ್ತು.

ಭಾನುವಾರಗಳಲ್ಲಿ ಅವನು ಸೈಕಲ್ ಸವಾರ. ಡೊಂಬಿವಲಿಯ ಏಳೆಂಟು ಮಂದಿ ಸ್ನೇಹಿತರು ಗುಂಪು ಕಟ್ಟಿಕೊಂಡು ಏವೂರಿನ ಗುಡ್ಡ, ಮಾಳಶೇಜ್, ಬಾರವಿ ಅಣೆಕಟ್ಟಿನ ಕಾಡು ಎಂದು ಸುತ್ತುತ್ತಿದ್ದರು. ಲೋಕಲಿನಲ್ಲಿ ಜೀವ ಸವೆಸಿದವರ ಗುಂಪು ಅದು. ಹಾಗಾಗಿ ಮುಂದೆ ಹೋಗುವ ಸವಾರನಿಗೆ, ಲೋಕಲ್ ಓಡಿಸುವವನಂತೆ, ಮೋಟರ್‌ಮನ್ ಎಂದೂ ಎಲ್ಲರ ಹಿಂದೆ ಬರುವವನಿಗೆ ಗಾರ್ಡ್ ಎಂದೂ ಹೆಸರು. ನಿಯಮವೂ ರೈಲಿನದೇ. ಘಾಟಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಪ್ರತಿ ಏರು ಮುಗಿದ ಮೇಲೆ ಮೋಟರ್‌ಮನ್ ನಿಂತು ಬೆಲ್ ಹೊಡೆದು ಕೇಳಬೇಕು, ಕೆಳಗಿನ ತಿರುವಿನಿಂದ ಗಾರ್ಡ್ ಉತ್ತರ ಕೊಡಬೇಕು. ಒಂದು ಸಲ ಹೊಡೆದರೆ ನಿಲ್ಲಿ. ಎರಡು ಸಲ ಹೊಡೆದರೆ ಎಲ್ಲ ಸರಿಯಿದೆ, ಹೊರಡಿ. ಅಣ್ಣ ಯಾವಾಗಲೂ ಗಾರ್ಡ್. ಅದಕ್ಕೆಂದೇ ಹಳೆಯ ಕಾಲದ ಭಾರದ ಹಿತ್ತಾಳೆ ಬೆಲ್ಲೊಂದನ್ನು ಕಲ್ಯಾಣದ ಗುಜರಿಯಿಂದ ತಂದು ಸೈಕಲ್ಲಿಗೆ ಹಾಕಿಸಿಕೊಂಡಿದ್ದ.

ಒಂದು ವರ್ಷದ ಹಿಂದಿನ ಆ ಭಾನುವಾರ, ಬಾರವಿಯ ಕೊನೆಯ ಏರಿನಲ್ಲಿ, ಕೆಳಗಿನಿಂದ ಎರಡು ಬೆಲ್ ಕೇಳಿಸಿತು. ಗುಂಪು ಮುಂದಿನ ಊರಾದ ಮುರಬಾಡಕ್ಕೆ ಹೊರಟುಹೋಯಿತು. ಅಣ್ಣನ ಮಗಳು ನಿಧಿಯೂ ಹಿಂದೆಯೇ ಇದ್ದಳು. ಅಪ್ಪ ಮಗಳು ಮಾತಾಡುತ್ತ ಬರುತ್ತಾರೆ ಎಂದುಕೊಂಡು ಯಾರೂ ಚಿಂತಿಸಲಿಲ್ಲ. ಅವರು ಮುರಬಾಡದಲ್ಲಿ ಚಹ ಕುಡಿಯುತ್ತ ಕೂತಿದ್ದಾಗ ಹಾಲಿನ ಟೆಂಪೊವೊಂದು ಆಸ್ಪತ್ರೆಯ ಕಡೆ ಓಡಿತು. ಹಿಂಬದಿಯಲ್ಲಿ ಕ್ಯಾನುಗಳ ನಡುವೆ ಅಣ್ಣನ ಸೈಕಲ್ ಕಾಣಿಸಿತು. ಹೃದಯಾಘಾತ. ನಿಧಿ ನಮಗೆಲ್ಲ ಹೇಳಿದ್ದು ಇಷ್ಟು: ತಾನು ಅಪ್ಪನಿಗಿಂತ ಸ್ವಲ್ಪ ಮುಂದಿದ್ದೆ, ಬೆಲ್ ಕೇಳಿದ ಮೇಲೂ ಅಪ್ಪ ಬರಲಿಲ್ಲವೆಂದು ವಾಪಸು ಹೋದೆ, ಆಗಲೇ ಎಲ್ಲ ಮುಗಿದಿತ್ತು.

ಅಲ್ಲಿಲ್ಲದವರೆಲ್ಲ ಆಮೇಲೆ ಅಲ್ಲಿದ್ದವರಂತೆ ಮಾತಾಡಿದರು. ಕೊನೆಯಲ್ಲಿ “ಅಮ್ಮಾ” ಎಂದನಂತೆ ಎಂದು ಮೈಸೂರಿನ ಚಿಕ್ಕಮ್ಮ. ರಾಮನಾಮ ಹೇಳಿದರಂತೆ ಎಂದು ಪಕ್ಕದ ಮನೆಯವರು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಸಾಕ್ಷಿ ಯಾರು ಎಂದು ಕೇಳುವ ಚಟವಿದೆ. ಆದರೂ ಯಾರನ್ನೂ ತಡೆಯಲಿಲ್ಲ.

ನಾನು ಡೊಂಬಿವಲಿ ತಲುಪಿದ ಶನಿವಾರ ರಾತ್ರಿ ಅಡುಗೆಮನೆಯಲ್ಲಿ ವೀಣಾ ಅತ್ತಿಗೆ ರೊಟ್ಟಿ ಬಡಿಯುತ್ತ, ಒಳಗಿನ ಕೋಣೆಯಲ್ಲಿದ್ದ ನಿಧಿಗೆ ಕೇಳಿಸದಂತೆ ಮಾತಾಡಿದರು. ಅವರು ಧಾರವಾಡದವರು.

“ಸುಮಾ, ನಾಳೆ ಆಕಿ ಜೋಡಿ ಹೊಂಟೀದಿ. ದಾರ್ಯಾಗ ಒಂದ್ಮಾತು ಕೇಳು. ಕಡೀಕ ಅವರು ಏನರೆ ಅಂದ್ರೇನು ಅಂತ. ನನ್ನ ಮುಂದ ಬಾಯಿ ಬಿಡಂಗಿಲ್ಲ ಆಕಿ.”

“ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು ಅಂತ ಹೇಳಿದಾಳಲ್ಲ ಅತ್ತಿಗೆ.”

“ಹೇಳ್ಯಾಳ. ಹೇಳುವಾಗ ನನ್ನ ಮಾರಿ ನೋಡ್ಲಿಲ್ಲ.”

ಬಾರವಿಗೆ ಮತ್ತೆ ಹೋಗೋಣವೆಂದು ಹೊರಟದ್ದು ನಿಧಿಯೇ. ಗುಂಪು ಅಣ್ಣನ ಜೊತೆಗೇ ಒಡೆದುಹೋಗಿತ್ತು. ಮೋಟರ್‌ಮನ್ ಆಗಿದ್ದ ಸದಾನಂದ ಶೆಟ್ಟರು ಮಾತ್ರ ಅವಳ ಮಾತಿಗೆ ಒಪ್ಪಿದ್ದರು. ಉಡುಪಿಯ ಕಡೆಯವರು, ಸ್ಟೇಷನ್ನಿನ ಪೂರ್ವಕ್ಕೆ ಅವರ ಸಸ್ಯಾಹಾರಿ ಹೋಟೆಲಿದೆ. ಭಾನುವಾರ ಬೆಳಕು ಹರಿಯುವ ಮೊದಲೇ ನಾವಿಬ್ಬರೂ ಹೋದಾಗ ಅವರು ಷಟರ್ ಅರ್ಧ ಎತ್ತಿ ಇಡ್ಲಿ ಚಟ್ನಿ ಕಟ್ಟಿಸುತ್ತಿದ್ದರು. ಅಣ್ಣನ ಮನೆಯಲ್ಲೇ ಬಿಟ್ಟಿದ್ದ ನನ್ನ ಸೈಕಲ್ಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಅಕ್ಕ, ಬ್ರೇಕ್ ಹಿಡಿತದಲ್ಲ? ಎಣ್ಣೆ ಕಾಣದೆ ಎಷ್ಟು ಕಾಲ ಆಯ್ತು ಮಾರಾಯ್ರೆ ಇದಕ್ಕೆ?”

“ಅಣ್ಣ ಹಾಕಿದ್ದೇ ಕೊನೆ” ಎಂದೆ. ಹೇಳಬಾರದಿತ್ತು. ಶೆಟ್ಟರು ಒಳಗೆ ಹೋಗಿ ಎಣ್ಣೆ ತಂದು ತಾವೇ ಚೈನಿಗೆ ಬಿಟ್ಟರು.

ನಿಧಿ ಅಪ್ಪನ ಸೈಕಲ್ ತಂದಿದ್ದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ. “ಆಜ್ ಗಾರ್ಡ್ ಮೈ ಹೂಂ” ಎಂದಳು. ಇವತ್ತು ಕೊನೆಯವಳು ತಾನು. ನಾನು ಮೊದಲ ಸಲ ಘಾಟಿ ಹತ್ತುವವಳು, ನಾನೇ ಹಿಂದೆ ಬೀಳುತ್ತೇನೆ ಎಂದೆ. “ತುಮ್ ಜಿತನಾ ಭೀ ಪೀಛೆ ಗಿರೋ ಅತ್ತೆ, ಮೈ ಉಸ್‌ಕೇ ಭೀ ಪೀಛೆ” ಎಂದಳು. ನಾನು ಎಷ್ಟು ಹಿಂದೆ ಬಿದ್ದರೂ ಅವಳು ಅದಕ್ಕೂ ಹಿಂದೆ.

ಕಾಟೈ ನಾಕಾದವರೆಗೆ ಕಾರ್ಖಾನೆಗಳ ವಾಸನೆ ಗಂಟಲಿಗೆ ಕೂತಿತ್ತು. ಖೋಣಿ, ನೇವಾಳಿ ದಾಟುವಾಗ ಲಾರಿಗಳು ಮೈಮೇಲೆ ಬಂದಂತೆ ಹೋದವು. ಕಟ್ಟಿ ಮುಗಿಯದ ಕಟ್ಟಡಗಳು, ಅವುಗಳ ಮೇಲೆ ಈಜುಕೊಳದ ಚಿತ್ರವಿದ್ದ ಜಾಹೀರಾತುಗಳು. ಬದಲಾಪುರ ಬರುವಾಗ ಬಿಸಿಲೇರಿತು. ಊರಾಚೆ ಒಂದು ಕಟ್ಟೆಯ ಮೇಲೆ ಇಡ್ಲಿ ಬಿಚ್ಚಿದೆವು. ನಾನು ಉಸಿರು ಬಿಡುವುದನ್ನು ನೋಡಿ ಶೆಟ್ಟರು, “ಸ್ಲೋ ಲೋಕಲ್ ಸಹ ಕಳವಾ ಸ್ಟೇಷನ್ನಲ್ಲಿ ಇಷ್ಟು ಹೊತ್ತು ನಿಲ್ಲುದಿಲ್ಲ ಅಕ್ಕ” ಎಂದರು. ನಿಧಿ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ ಎಂದು ನೆನಪು. ಇನ್ನೊಂದು ಸಲ ನಕ್ಕಿದ್ದರೆ ಅದನ್ನು ನಾನು ಗಮನಿಸಿಲ್ಲ.

ಅಲ್ಲಿಂದ ಮುಂದೆ ರಸ್ತೆ ಕಿರಿದಾಗಿ ಕಾಡಿಗೆ ನುಗ್ಗುತ್ತದೆ. ಮಳೆಗಾಲ ಮುಗಿದು ಹುಲ್ಲು ಎದೆಯೆತ್ತರ ಬೆಳೆದು ಹಳದಿಗೆ ತಿರುಗಿತ್ತು. ತೇಗದ ಎಲೆಗಳಲ್ಲಿ ಹುಳು ತಿಂದ ತೂತುಗಳು. ಕೊಯ್ದ ಗದ್ದೆಗಳಲ್ಲಿ ಭತ್ತದ ಹೊರೆಗಳು ಒರಗಿದ್ದವು. ಸೌದೆ ಹೊತ್ತ ಇಬ್ಬರು ಹೆಂಗಸರು ನಮಗೆ ದಾರಿ ಬಿಟ್ಟು ನಿಂತು, ಅಷ್ಟು ಕಷ್ಟಪಟ್ಟು ಎಲ್ಲಿಗೆ ಹೋಗುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ನಿಧಿ “ಅಸಂಚ್” ಎಂದಳು. ಸುಮ್ಮನೆ.

ಎಡಕ್ಕೆ ಮರಗಳ ಸಂದಿಯಲ್ಲಿ ಅಣೆಕಟ್ಟಿನ ನೀರು ಕಾಣತೊಡಗಿತು. ಅಲೆಯಿಲ್ಲದೆ, ಆಕಾಶದ ಬಣ್ಣವನ್ನೂ ಪೂರ್ತಿ ತೆಗೆದುಕೊಳ್ಳದೆ ಮಲಗಿದ ನೀರು. ಡೊಂಬಿವಲಿಯ ತನ್ನ ಮನೆಯ ನಲ್ಲಿಗೆ ಬರುವುದು ಇದೇ ಎಂದು ಅಣ್ಣ ಹೇಳುತ್ತಿದ್ದ. ಬೇಸಿಗೆಯಲ್ಲಿ ನೀರು ನಿಂತರೆ, ಬಾರವಿಗೆ ಹೋಗಿ ನೋಡಿಕೊಂಡು ಬರ್ತೀನಿ ಎಂದು ಸೈಕಲ್ ಹತ್ತಲು ಅದನ್ನೇ ನೆಪ ಮಾಡಿಕೊಳ್ಳುತ್ತಿದ್ದ.

ಕೊನೆಯ ಏರಿನಲ್ಲಿ ನಾನು ಸೈಕಲ್ ಇಳಿದು ತಳ್ಳಿದೆ. ಒಂದು ತಿರುವಿನಲ್ಲಿ, ಮುತ್ತುಗವೋ ತೇಗವೋ ಆ ಮರದ ಕೆಳಗೆ, ನಿಧಿ ನಿಂತಳು. ರಸ್ತೆಯ ಅಂಚಿನ ಸುಣ್ಣ ಬಳಿದ ಕಲ್ಲಿಗೆ ಸೈಕಲ್ ಒರಗಿಸಿದಳು. ಅಲ್ಲಿ ಏನೂ ಇರಲಿಲ್ಲ. ಏನಾದರೂ ಇರುತ್ತದೆಂದು ನಾನು ಯಾಕೆ ಅಂದುಕೊಂಡಿದ್ದೆ, ಗೊತ್ತಿಲ್ಲ. ಹತ್ತಿರ ಹೋದೆ.

“ತೂ ಪುಢೇ ಜಾ ಅತ್ತೆ” ಎಂದಳು ಮರಾಠಿಯಲ್ಲಿ. ನೀನು ಮುಂದೆ ಹೋಗು. “ಪ್ಲೀಸ್.”

ನಾನು ಹೋದೆ. ಮೇಲೆ ರಸ್ತೆ ಸಮತಟ್ಟಾಗುವ ಕಡೆ ಶೆಟ್ಟರು ಕಾಯುತ್ತಿದ್ದರು. ಆ ಏರು ಹಾವಿನಂತೆ ಮಡಿಚಿಕೊಂಡಿರುವುದರಿಂದ ಕೆಳಗಿನ ತಿರುವು ದಾರಿಯಲ್ಲಿ ದೂರವಾದರೂ ಕಿವಿಗೆ ಹತ್ತಿರ. ಮರಗಳು ಅಡ್ಡವಾಗಿ ಕಾಣಿಸುವುದಿಲ್ಲ ಅಷ್ಟೆ. ಇಬ್ಬರೂ ನಿಧಿಗೆ ಕಾದು ನಿಂತೆವು. ಆಮೇಲೆ ಶೆಟ್ಟರು, ಅಭ್ಯಾಸಬಲದಿಂದ ಇರಬೇಕು, ತಮ್ಮ ಬೆಲ್ ಹೊಡೆದರು.

ಉತ್ತರ ತಡವಾಗಿ ಬಂತು. ಅಣ್ಣನ ಬೆಲ್. ಠಣ್. ಆಮೇಲೆ, ಇನ್ನು ಎರಡನೆಯದಿಲ್ಲವೇನೋ ಎಂದುಕೊಳ್ಳುವಷ್ಟು ಬಿಟ್ಟು, ಇನ್ನೊಂದು ಠಣ್.

ಶೆಟ್ಟರು ಸೈಕಲ್ಲಿನಿಂದ ಇಳಿದು ರಸ್ತೆಯಂಚಿನಲ್ಲಿ ಕೂತುಬಿಟ್ಟರು. ತಲೆ ಸುತ್ತಿತೇನೋ ಎಂದು ನೀರು ಕೊಟ್ಟೆ. ತೆಗೆದುಕೊಳ್ಳಲಿಲ್ಲ.

“ಅವತ್ತು ಕೇಳಿದ್ದು ಇದೇ ಅಕ್ಕ.”

“ಅದೇ ಬೆಲ್ ಅಲ್ವಾ ಶೆಟ್ರೆ. ಅದೇ ಥರ ಕೇಳುತ್ತೆ.”

“ಬೆಲ್ ರಘು ಅಣ್ಣಂದು. ಕೈ ಅವರದ್ದಲ್ಲ. ಅವರದ್ದು ಠಣಠಣ ಅಂತ ಒಟ್ಟಿಗೇ ಬರ್ತಿತ್ತು, ಕಾವಲಿಗೆ ಸಟ್ಟುಗ ಬಡಿದ ಹಾಗೆ. ಅವಸರದ ಜನ ಅಲ್ವಾ. ಅವತ್ತು ಹೀಗೇ ಬಂತು, ಒಂದು ಹೊಡೆದು, ನಿಂತು, ಮತ್ತೊಂದು. ಎಂತ, ಗಾರ್ಡ್ ಸಾಹೇಬ್ರಿಗೆ ಇವತ್ತು ನಿದ್ದೆಯಾ ಅಂತ ನಾನೇ ನಗಾಡಿದ್ದೆ. ಎಲ್ಲರೂ ನಗಾಡಿದ್ದು.”

ನನಗೆ ಮೊದಲು ಬಂದದ್ದು ವಾದ. ಒಂದು ವರ್ಷದ ಹಿಂದಿನ ಎರಡು ಬೆಲ್ಲುಗಳ ನಡುವಿನ ಅಂತರ ಯಾರಿಗೆ ನೆನಪಿರುತ್ತದೆ? ಈಗ ಕೇಳಿದ್ದನ್ನೇ ಮನಸ್ಸು ಹಿಂದಕ್ಕೆ ಒಯ್ದು ಅಂಟಿಸಿರಬಾರದೇ? ನನ್ನ ಮನಸ್ಸು ಮರ ಬದಲಿಸಿದ ಹಾಗೆ? ಇದನ್ನೆಲ್ಲ ಶೆಟ್ಟರಿಗೆ ಹೇಳಿದೆನೆಂದೇ ತೋರುತ್ತದೆ. ಅವರು ಕೇಳಿಸಿಕೊಳ್ಳಲಿಲ್ಲ.

“ವರ್ಷಪೂರ್ತಿ ನಾನು ಅದನ್ನೇ ಹಿಡ್ಕೊಂಡಿದ್ದೆ ಅಕ್ಕ. ನಾವು ಬಿಟ್ಟು ಬಂದದ್ದಲ್ಲ, ಅವರೇ ಬೆಲ್ ಹೊಡೆದು ಹೋಗಿ ಅಂದದ್ದು ಅಂತ.” ಕೆಳಗಿನ ರಸ್ತೆ ನೋಡುತ್ತ ಹೇಳಿದರು: “ಅವಳ ಹತ್ರ ಕೇಳ್ಬೇಡಿ. ಮಗು ಅದು.”

ಹಾಗಾದರೆ ಅಂದು ಬೆಲ್ ಹೊಡೆದವಳು ನಿಧಿ. ಅವಳು ಮುಂದೆ ಇರಲಿಲ್ಲ, ಅಪ್ಪನ ಜೊತೆಯಲ್ಲೇ ಇದ್ದಳು. ಮೇಲೆ ಆರು ಮಂದಿ ಬಲಿಷ್ಠ ಗಂಡಸರು ನಿಂತು ಕೇಳುತ್ತಿದ್ದಾಗ ಅವಳು ಒಂದು ಸಲ ಹೊಡೆದು ನಿಲ್ಲಿಸಲಿಲ್ಲ. ಎರಡು ಸಲ ಹೊಡೆದು ಕಳಿಸಿಬಿಟ್ಟಳು. ನಿಲ್ಲಿಸಿದ್ದರೆ ಏನಾಗುತ್ತಿತ್ತು? ಎಷ್ಟು ಬೇಗ ತಂದಿದ್ದರೂ ಕಷ್ಟವಿತ್ತೆಂದು ಮುರಬಾಡದ ಡಾಕ್ಟರು ಹೇಳಿದ್ದರಂತೆ. ಉಳಿದವರ ಸಮಾಧಾನಕ್ಕೆ ಡಾಕ್ಟರುಗಳು ಹಾಗೆ ಹೇಳುವುದೂ ಉಂಟು.

ನಿಧಿ ತಿರುವು ಮುಗಿಸಿ ಮೇಲೆ ಬಂದಳು. ಇಳಿದಿರಲಿಲ್ಲ, ಪೂರ್ತಿ ತುಳಿದೇ ಬಂದಿದ್ದಳು. ನಮ್ಮಿಬ್ಬರನ್ನೂ ನೋಡಿ, “ಬೆಲ್ ದಿಯಾ ನಾ ಮೈನೇ? ನಿಕಲನಾ ಥಾ” ಎಂದಳು. ಬೆಲ್ ಕೊಟ್ಟೆನಲ್ಲ, ಹೊರಡಬೇಕಿತ್ತು.

“ಇವತ್ತು ಕಾಯುವ ಅಂತ ಕಂಡಿತು ಮಗಾ” ಎಂದರು ಶೆಟ್ಟರು.

ಮುರಬಾಡದ ಇಳಿಜಾರಿನಲ್ಲಿ ಗಾಳಿ ತಂಪಾಗಿತ್ತು, ಆದರೆ ಅದರ ಸುಖ ನನಗೆ ಹತ್ತಲಿಲ್ಲ. ಊರಿನ ನಾಕಾದಲ್ಲಿ ಶೆಟ್ಟರು ಹಳೆಯ ಚಹದ ಅಂಗಡಿ ದಾಟಿ ಮುಂದೆ ಹೋಗತೊಡಗಿದರು. ನಿಧಿ ಕೂಗಿ ನಿಲ್ಲಿಸಿದಳು. “ಇಧರ್ ಹೀ, ಅಂಕಲ್.” ಇಲ್ಲೇ ಕೂರೋಣ. ಅರ್ಧ ಗ್ಲಾಸಿನ ಮೂರು ಕಟಿಂಗ್ ಚಹ, ವಡಾಪಾವ್ ಬಂತು. ಅವಳು ಬೆಂಚಿನ ಮೇಲೆ ಕೈಯಾಡಿಸಿ ಕೇಳಿದಳು:

“ಉಸ್ ದಿನ್ ಆಪ್ ಲೋಗ್ ಯಹೀಂ ಬೈಠೇ ಥೇ ನಾ?”

“ಹೌದು ಮಗಾ. ಇಲ್ಲೇ ಕೂತಿದ್ದೆವು.”

“ಹಸ್ ರಹೇ ಥೇ?” ನಗುತ್ತಿದ್ದಿರಾ?

ಶೆಟ್ಟರು ನನ್ನ ಕಡೆ ನೋಡಿದರು. ಚಹದ ಗ್ಲಾಸು ಕೆಳಗಿಟ್ಟರು. “ಹೌದು” ಎಂದರು. “ನಿನ್ನ ಅಪ್ಪನದ್ದೇ ತಮಾಷೆ ಮಾಡ್ತಿದ್ದದ್ದು. ಗಾರ್ಡ್ ಸಾಹೇಬ್ರು ಕಾಡಿನಲ್ಲಿ ಟಿಕೆಟ್ ಚೆಕ್ ಮಾಡ್ತಿದ್ದಾರೆ ಅಂತ.”

ನಿಧಿ ತುಂಬ ಹೊತ್ತು ವಡಾ ಮುರಿಯುತ್ತಿದ್ದಳು. ಆಮೇಲೆ ಕನ್ನಡದಲ್ಲಿ, ಮಗುವಾಗಿದ್ದಾಗ ಮಾತಾಡುತ್ತಿದ್ದ ಮೈಸೂರಿನ ಕನ್ನಡದಲ್ಲಿ, ಹೇಳಿದಳು: “ಅಪ್ಪಂಗೆ ಅದೇ ಬೇಕಿತ್ತು. ನೀವೆಲ್ಲ ಖುಷಿಯಾಗಿ ಚಾ ಕುಡೀಬೇಕಿತ್ತು.”

ಶೆಟ್ಟರು ಗ್ಲಾಸು ಎತ್ತಿ ಉಳಿದ ಚಹ ಕುಡಿದರು. ಅಂಗಡಿಯವನು ಸ್ಟೋವ್ ಏರಿಸಿದ. ಬಸ್ಸೊಂದು ಕಲ್ಯಾಣ, ಕಲ್ಯಾಣ ಎಂದು ಕೂಗಿಸಿಕೊಂಡು ಹೊರಟಿತು. ಆ ಮಾತನ್ನು ನಾನು ಅಂದಿನಿಂದ ಎಷ್ಟು ಸಲ ತಿರುವಿ ನೋಡಿದ್ದೇನೆಂದರೆ, ಈಗ ಅದರಲ್ಲಿ ಅವಳ ದನಿ ಎಷ್ಟು, ನನ್ನದೆಷ್ಟು ಎಂದು ಹೇಳುವುದು ಕಷ್ಟ.

ಮುರಬಾಡದಿಂದ ಕಲ್ಯಾಣದ ದಾರಿಯಲ್ಲಿ ನೆರಳಿಲ್ಲ. ರಾಯತೆಯಲ್ಲಿ ಹೊಳೆ ದಾಟುವಾಗ ಸ್ವಲ್ಪ ನಿಂತೆವು. ಶಹಾಡದ ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಹಿಂದೆ ನೋಡಿದೆ. ನಿಧಿ ಒಂದು ರಿಕ್ಷಾದ ಹಿಂದೆ, ನನ್ನ ಮೇಲೆ ಕಣ್ಣಿಟ್ಟು ಬರುತ್ತಿದ್ದಳು. ದಿನವಿಡೀ ನಾನು ಯಾವಾಗ ತಿರುಗಿದರೂ ಅಲ್ಲೇ ಇದ್ದಳು. ಡೊಂಬಿವಲಿಯಲ್ಲಿ ಶೆಟ್ಟರು ತಮ್ಮ ಹೋಟೆಲಿನ ಮುಂದೆ ಇಳಿದು ಅವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟರು. ತುಳುವಿನಲ್ಲಿ ಏನೋ ಅಂದರು. ಅದು ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ, ಅರ್ಥವಾಗಲೆಂದು ಅವರು ಹೇಳಿದ್ದೂ ಅಲ್ಲವೇನೋ.

ಮನೆಯಲ್ಲಿ ಅತ್ತಿಗೆ ಬಾಗಿಲು ತೆರೆದೇ ನಿಂತಿದ್ದರು. “ನಳಾ ಬಂದದ, ಮೊದ್ಲ ಜಳಕಾ ಮಾಡ್ರಿ” ಎಂದರು. ನಿಧಿ ಸ್ನಾನಕ್ಕೆ ಹೋದಳು. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳತೊಡಗಿದ ಮೇಲೆ ಅತ್ತಿಗೆ ನನ್ನ ಮುಖ ನೋಡಿದರು.

“ಕೇಳಿದೇನು?”

“ಇಲ್ಲ ಅತ್ತಿಗೆ.”

“ಕೇಳೂದಕ್ಕ ಹೆದರಿಕಿ ಆತೇನು?”

ಶೆಟ್ಟರು ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಗಂಡನ ಕೊನೆಯ ಮಾತು ಬೇಕಾಗಿದ್ದವರಿಗೆ ಎರಡು ಬೆಲ್ಲಿನ ಕಥೆಯನ್ನು ಹೇಗೆ ಕೊಡಲಿ? ನಿಧಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿರಬೇಕು. ಅತ್ತಿಗೆಗೆ ಓದಲು ಬರುತ್ತದೆ. ಅವರು ಓದಲಿ ಎಂದೇ ಬರೆಯುತ್ತಿದ್ದೇನೆಯೇ? ಅದೂ ನನಗೆ ಸ್ಪಷ್ಟವಿಲ್ಲ.

ಸಂಜೆ ನಿಧಿ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದಳು. ಭಾನುವಾರವಾದರೂ ಪ್ಲಾಟ್‌ಫಾರ್ಮಿನಲ್ಲಿ ಜನ. ಹಿಂದಿನ ಹೆಂಗಸರ ಡಬ್ಬಿ ನಿಲ್ಲುವ ತುದಿಗೆ ನಡೆದೆವು. ಅವಳ ಕೂದಲು ಇನ್ನೂ ಒದ್ದೆಯಿತ್ತು, ಕೈಬೆರಳಿಗೆ ಹಿತ್ತಾಳೆಯ ಕರೆ ಹತ್ತಿತ್ತು. ಗಾಡಿ ಬಂತು. ನಾನು ಹತ್ತಿ ಬಾಗಿಲ ಕಂಬ ಹಿಡಿದು ನಿಂತೆ, ಅವಳು ಕೆಳಗೆ ನಿಂತಳು. ಆಗ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು, ಬೇರೆ ಕಡೆ ತಿರುಗಲಿಲ್ಲ; ಬಾಯಿ ತೆರೆದಳೆಂದೇ ನನ್ನ ನೆನಪು. ಪಕ್ಕದ ಗಾರ್ಡಿನ ಕೋಣೆಯಲ್ಲಿ ಎರಡು ಸಲ ಬೆಲ್ ಆಯಿತು. ಗಾಡಿ ಹೊರಟಿತು. ಅವಳು ಗಾಡಿಯ ಜೊತೆ ಒಂದೆರಡು ಹೆಜ್ಜೆ ಬಂದು ನಿಂತಳು, ಚಿಕ್ಕದಾದಳು, ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೊನೆಯವಳಾಗಿ ಉಳಿದಳು.

ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಅವಳ ಪರೀಕ್ಷೆ, ಅತ್ತಿಗೆಯ ಮಂಡಿನೋವು, ನನ್ನ ಸೈಕಲ್ಲಿನ ಬ್ರೇಕು. ಆ ಪ್ರಶ್ನೆಯನ್ನು ನಾನು ಮತ್ತೆ ಎತ್ತಿಲ್ಲ, ಅವಳೂ ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

“ನಿಧಿ, ಅವತ್ತು ಎರಡು ಸಲ ಹೊಡಿ ಅಂತ ಅಪ್ಪನೇ ಹೇಳಿದ್ನಾ ಪುಟ್ಟಿ?”